ಸಾವಿನ ಮನೆಗೆ ಒಯ್ದ ಕಂಬಳಿ

ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬೇಕು ಎಂಬುದನ್ನು ಕಾಸರಗೋಡಿನ ನಮ್ಮ ಕಡೆ ಯಾರೂ ಯಾರಿಗೂ ಕಲಿಸುವುದಿಲ್ಲ. ಹೋಗಿ ಒಂದು ಮೂಲೆಯಲ್ಲಿ ಕೂತು, "ಎಷ್ಟು ಹೊತ್ತಿಗೆ ಆದದ್ದು?" ಎಂದು ಕೇಳಬೇಕು. ಉತ್ತರ ಮೊದಲೇ ಗೊತ್ತಿದ್ದರೂ ಪೂರ್ತಿ ಕೇಳಿಸಿಕೊಳ್ಳಬೇಕು. ಅಲ್ಲಿ ನೀರೂ ಮುಟ್ಟದೆ, ಹೊರಡುವಾಗ "ಬರ್ತೇನೆ" ಎಂದು ಬಾಯಿ ತಪ್ಪಿಯೂ ಹೇಳದೆ ಎದ್ದು ಬಂದು, ಮನೆಗೆ ತಲುಪಿದ ಕೂಡಲೇ ಸ್ನಾನ ಮಾಡಿದರೆ ಕೆಲಸ ಮುಗಿಯಿತು. ಇಷ್ಟು ಸರಳವಾದ ವ್ಯವಸ್ಥೆಯಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ನನ್ನ ಕೆಲಸ ಎರ್ನಾಕುಲಂನಲ್ಲಿ, ಕೋರ್ಟಿಗೆ ಸಂಬಂಧಪಟ್ಟದ್ದು. ಕಾಸರಗೋಡಿನಿಂದ ಬರುವ ಹಳೆಯ ಕನ್ನಡ ದಸ್ತಾವೇಜುಗಳನ್ನು ಇಂಗ್ಲಿಷಿಗೆ ಮಾಡಿ, ಕೆಳಗೆ ಇದು ಮೂಲಕ್ಕೆ ಸರಿಯಾಗಿದೆ ಎಂದು ಸಹಿ ಹಾಕುತ್ತೇನೆ. ಈ ಕೆಲಸದಿಂದ ಬಂದ ಗುಣವೋ, ಗುಣ ನೋಡಿಯೇ ಈ ಕೆಲಸ ಸಿಕ್ಕಿತೋ, ಯಾರು ಏನು ಹೇಳಿದರೂ ಮೂಲಪ್ರತಿ ಎಲ್ಲಿದೆ ಎಂದು ಕೇಳುವುದು ನನ್ನ ಅಭ್ಯಾಸ. ಮನೆಯಲ್ಲಿ ಇದಕ್ಕೆ ಯಾರೂ ಮೆಚ್ಚುಗೆ ತೋರಿಸಿಲ್ಲ.

ನನ್ನ ಹಲ್ಲುಗಳನ್ನು ಇಪ್ಪತ್ತು ವರ್ಷ ನೋಡಿಕೊಂಡವರು ಒಬ್ಬ ಚೀನೀ ಡಾಕ್ಟರು. ಚೀನೀ ಎಂದರೆ ಅವರ ಅಜ್ಜನ ಕಾಲದ ಮಾತು. ಇವರು ಹುಟ್ಟಿದ್ದು ಕೋಲ್ಕತ್ತಾದಲ್ಲಿ, ಯಾವುದೋ ಕಾರಣಕ್ಕೆ ಎರ್ನಾಕುಲಂಗೆ ಬಂದು ಒಂದು ನೋಟ್‌ಬುಕ್ ಅಂಗಡಿಯ ಮೇಲ್ಮಹಡಿಯಲ್ಲಿ ಕ್ಲಿನಿಕ್ ಇಟ್ಟುಕೊಂಡು ಇಲ್ಲಿಯವರೇ ಆಗಿಬಿಟ್ಟವರು. ಅವರ ಹೆಂಡತಿಯೇ ಅಲ್ಲಿ ಚೀಟಿ ಬರೆಯುವವರು, ದೀಪ ತಿರುಗಿಸುವವರು, ಎಂಜಲು ಎಳೆಯುವ ನಳಿಗೆ ಹಿಡಿಯುವವರು. ನಮ್ಮ ಮಾತೆಲ್ಲ ಮಲಯಾಳದಲ್ಲಿ. ಮೂವರಿಗೂ ಅದು ಮನೆಯ ಭಾಷೆಯಲ್ಲದ್ದರಿಂದ ಯಾರೂ ಯಾರ ತಪ್ಪನ್ನೂ ತಿದ್ದುತ್ತಿರಲಿಲ್ಲ.

ಡಾಕ್ಟರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಎದುರುಬದುರು ಕೂತಾಗ ಮಾತೇ ಆಡುತ್ತಿರಲಿಲ್ಲ. ರೋಗಿ ಬಾಯಿ ತೆರೆದು ಮಲಗಿದ ಮೇಲೆ ಅವರಿಗೆ ಮಾತು ಬರುತ್ತಿತ್ತು. ಕೋಲ್ಕತ್ತಾದ ಟ್ರಾಮು, ಮಗಳ ಮದುವೆ, ಮೀನಿನ ಬೆಲೆ ಎಲ್ಲವನ್ನೂ ಹೇಳುತ್ತಿದ್ದರು. ನಾವು "ಆ" ಎನ್ನಬಹುದು, ಅಷ್ಟೇ. ಮೊದಲ ದಿನವೇ ಅವರು ನನಗೆ ಹೇಳಿದ್ದ ನಿಯಮ ಒಂದೇ: "ನೋವಾದರೆ ಎಡಗೈ ಎತ್ತಿ, ನಾನು ನಿಲ್ಲಿಸುತ್ತೇನೆ." ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಎಡಗೈ ಎತ್ತಲಿಲ್ಲ. ನೋವಾಗಲಿಲ್ಲ ಎಂದಲ್ಲ. ಶಾಲೆಯಲ್ಲಿಯೂ ಕೈ ಎತ್ತುವವರ ಪೈಕಿ ನಾನಾಗಿರಲಿಲ್ಲ.

ನನ್ನ ಅಪ್ಪನಿಗೆ ಕಟ್ಟುಹಲ್ಲು ಮಾಡಿಕೊಟ್ಟವರೂ ಅವರೇ. ಅಪ್ಪ ಅದನ್ನು ಮದುವೆಗಳಿಗೆ ಮಾತ್ರ ಹಾಕುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಆಟಿ ತಿಂಗಳ ಮಳೆಯಲ್ಲಿ, ಎರ್ನಾಕುಲಂ ಹತ್ತಿರದ ಆಲುವದ ನಮ್ಮ ಫ್ಲಾಟಿನಲ್ಲಿ ಅಪ್ಪ ತೀರಿಕೊಂಡರು. ಮರುದಿನ ಡಾಕ್ಟರು ಹೆಂಡತಿಯೊಂದಿಗೆ ಬಸ್ಸು ಹಿಡಿದು ಬಂದರು. ಅವರ ಕೈಯಲ್ಲಿ ಒಂದು ಕಂಬಳಿ ಇತ್ತು.

ಒಳ್ಳೆಯ ಉಣ್ಣೆಯ, ಕೆನೆ ಬಣ್ಣದ ಕಂಬಳಿ. ಮೇಲೆ ಒಂದು ಬಿಳಿ ಕಾಗದ ಪಿನ್ನು ಹಾಕಿ ಸಿಕ್ಕಿಸಿದ್ದರು. ಕಾಗದದಲ್ಲಿ ಕಪ್ಪು ಶಾಯಿಯಲ್ಲಿ ಚೀನೀ ಅಕ್ಷರ, ಕೆಳಗೆ ಇಂಗ್ಲಿಷಿನಲ್ಲಿ ಅವರಿಬ್ಬರ ಹೆಸರು. ಡಾಕ್ಟರ ಹೆಂಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟು ಬಗ್ಗಿದರು. ನಾನೂ ಬಗ್ಗಿದೆ. ಅವರು ಹೋದ ಮೇಲೆ ಮನೆಯಲ್ಲಿದ್ದವರೆಲ್ಲ ಕಂಬಳಿಯ ಸುತ್ತ ನಿಂತರು. ಊರಿನಿಂದ ಬಂದಿದ್ದ ದೊಡ್ಡಮ್ಮ ದೂರದಿಂದಲೇ ಕೇಳಿದರು.

"ಎಂತ ಮಾರಾಯ್ತಿ ಇದು? ಸೂತಕದ ಮನೆಗೆ ಯಾರಾದರೂ ಹೊದಿಕೆ ತರ್ತಾರಾ? ಆ ಕಾಗದದಲ್ಲಿ ಎಂತ ಬರ್ದದ್ದು ಅಂತ ನಿನಗೆ ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ. ನಾಲ್ಕು ಭಾಷೆ ಓದುವ ನನಗೆ ಐದನೆಯದು ಬಾರದೆ ಇದ್ದದ್ದು ಆ ದಿನ ದೊಡ್ಡ ಅಪರಾಧದಂತೆ ಕಂಡಿತು.

"ಮೊದಲು ಹೊರಗೆ ಹಾಕು ಅದನ್ನು," ಎಂದರು ದೊಡ್ಡಮ್ಮ.

ದೊಡ್ಡಮ್ಮ ಹೊರಗೆ ಹಾಕು ಎಂದದ್ದು ನಿಜ. ಆದರೆ ಲಿಫ್ಟಿನಲ್ಲಿ ಕೆಳಗೆ ಒಯ್ದು ಗೇಟಿನ ವಾಚ್‌ಮನ್ನಿಗೆ ಕೊಟ್ಟದ್ದು ನಾನು. ಕಾಗದವನ್ನಾದರೂ ತೆಗೆದಿಟ್ಟುಕೊಳ್ಳಬಹುದಿತ್ತು, ಅದನ್ನೂ ಮಾಡಲಿಲ್ಲ. ವಾಚ್‌ಮನ್ ವಯಸ್ಸಾದ ಮನುಷ್ಯ, ಮಳೆಗೆ ನಡುಗುತ್ತಿದ್ದ. ಖುಷಿಯಿಂದ ಅಲ್ಲೇ ಹೊದ್ದುಕೊಂಡ. ನಾನು ಪುಣ್ಯದ ಕೆಲಸ ಮಾಡಿದ ಮುಖ ಮಾಡಿಕೊಂಡು ಮೇಲೆ ಬಂದೆ.

ಹದಿಮೂರನೆಯ ದಿನದ ಊಟಕ್ಕೆ ಡಾಕ್ಟರನ್ನೂ ಹೆಂಡತಿಯನ್ನೂ ಕರೆದಿದ್ದೆವು. ಬಂದರು, ಎಲೆಯಲ್ಲಿ ಶಿಸ್ತಾಗಿ ಊಟ ಮಾಡಿದರು, ಪಾಯಸ ಎರಡು ಸಲ ಹಾಕಿಸಿಕೊಂಡರು. ಅವರು ಹೊರಟ ಮೇಲೆ ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಗೇಟಿನ ಹತ್ತಿರ ಆಕೆ ನಿಂತುಬಿಟ್ಟರು. ಕುರ್ಚಿಯಲ್ಲಿ ಕೂತಿದ್ದ ವಾಚ್‌ಮನ್ ಎದ್ದು ಸಲ್ಯೂಟ್ ಹೊಡೆದ. ಹೆಗಲ ಮೇಲೆ ಅವರ ಕಂಬಳಿ, ಎದೆಯ ಮೇಲೆ ಅವರದೇ ಕಾಗದ, ಶಾಯಿ ಮಳೆಗೆ ಹರಡಿ ಕಾಗದ ಬೂದಿ ಬಣ್ಣವಾಗಿತ್ತು. ಡಾಕ್ಟರು ಕೊಡೆ ಬಿಡಿಸಿ ಹೆಂಡತಿಯ ತಲೆಯ ಮೇಲೆ ಹಿಡಿದರು. ಇಬ್ಬರೂ ಆಟೋ ಹತ್ತಿ ಹೋದರು. ಆ ಹೊತ್ತಿಗೆ ನನಗೆ ಎಷ್ಟು ನಾಚಿಕೆಯಾಯಿತು ಎಂದರೆ, ಒಳಗೆ ಹೋಗಿ ದೊಡ್ಡಮ್ಮನ ಮೇಲೆ ರೇಗಿದೆ.

ಆರು ತಿಂಗಳು ಹಲ್ಲು ತೋರಿಸಲು ಹೋಗಲಿಲ್ಲ. ಮತ್ತೆ ಹೋದಾಗ ಡಾಕ್ಟರ ಹೆಂಡತಿ ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿಸಿದರು. ಅವರ ಹೊಸ ವರ್ಷಕ್ಕೆ ಒಂದು ಡಬ್ಬಿ ಎಳ್ಳಿನ ಮಿಠಾಯಿ ಕಳುಹಿಸಿದರು. ಮರುವರ್ಷವೂ ಕಳುಹಿಸಿದರು. ಇದು ಶಿಕ್ಷೆಯ ಒಂದು ಬಗೆ ಎಂದು ನಾನು ತಿಳಿದೆ. ಪ್ರತಿ ಸಲವೂ ಕ್ಷಮೆ ಕೇಳಬೇಕು ಎಂದುಕೊಂಡು ಹೋಗುತ್ತಿದ್ದೆ, ಪ್ರತಿ ಸಲವೂ ಬಾಯಿ ತೆರೆದು ಮಲಗಿ, ಹಣ ಕೊಟ್ಟು ಬರುತ್ತಿದ್ದೆ. ಎರಡು ವರ್ಷದ ಹಿಂದೆ ಅವರು ಕ್ಲಿನಿಕ್ ಮುಚ್ಚಿ, ತಿರುವನಂತಪುರದಲ್ಲಿರುವ ಮಗಳ ಮನೆಗೆ ಹೋದರು. ನನ್ನ ಬಲಗಡೆಯ ದವಡೆ ಹಲ್ಲೊಂದು ಬಾಕಿ ಉಳಿಯಿತು. ಬೇರೆ ಡಾಕ್ಟರ ಹತ್ತಿರ ಹೋಗಲು ಮನಸ್ಸಾಗಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಮಗಳು ಫೋನು ಮಾಡಿದಳು, ನನ್ನ ಮಗಳಲ್ಲ, ಡಾಕ್ಟರ ಮಗಳು. ಅಮ್ಮ ಹೋದರು ಎಂದಳು. ಎಂಟು ತಿಂಗಳು ಹಾಸಿಗೆಯಲ್ಲಿದ್ದರಂತೆ. ದಹನ ಆಗಿದೆ, ಬೂದಿಯನ್ನು ಕೋಲ್ಕತ್ತಾಕ್ಕೆ ಒಯ್ಯುತ್ತೇವೆ, ಅಪ್ಪ ಇನ್ನು ಅಲ್ಲಿಯೇ ಅವರ ತಮ್ಮನ ಮನೆಯಲ್ಲಿ ಇರುತ್ತಾರೆ, ಮುಂದಿನ ವಾರ ಹೊರಡುತ್ತೇವೆ ಎಂದಳು. ಫೋನು ಇಟ್ಟ ಮೇಲೆ ನನಗೆ ಅಳು ಬಂತು. ಆಮೇಲೆ ಲೆಕ್ಕ ಸರಿಯಾಗಿ ಹೊಳೆಯಿತು: ಆಕೆಯ ಹತ್ತಿರ ಕ್ಷಮೆ ಕೇಳುವುದು ಇನ್ನು ಸಾಧ್ಯವಿಲ್ಲ, ಡಾಕ್ಟರ ಹತ್ತಿರ ಕೇಳಲು ಆರು ದಿನ ಇದೆ.

ಈ ಸಲ ಎಲ್ಲವನ್ನೂ ಅವರ ಪದ್ಧತಿಯಂತೆಯೇ ಮಾಡಬೇಕು ಎಂದು ತೀರ್ಮಾನಿಸಿದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಕೂತು, ಚೀನೀಯರ ಸಾವಿನ ಮನೆಗೆ ಹೋಗುವುದು ಹೇಗೆ ಎಂದು ಇಂಟರ್‌ನೆಟ್ಟಿನಲ್ಲಿ ಹನ್ನೊಂದು ಪುಟ ಓದಿದೆ, ಪ್ರಿಂಟು ತೆಗೆದೆ, ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಕೆಂಪು ಉಡಬಾರದು. ಹೂವು ಒಯ್ಯುವುದಾದರೆ ಬಿಳಿ ಅಥವಾ ಹಳದಿ ಸೇವಂತಿಗೆ. ಫೋಟೋದ ಮುಂದೆ ಮೂರು ಸಲ ಬಗ್ಗಬೇಕು, ಮನೆಯವರು ತಿರುಗಿ ಬಗ್ಗುತ್ತಾರೆ. ಅವರು ಒಂದು ಮಿಠಾಯಿ ಕೊಟ್ಟರೆ ಮನೆಗೆ ತರದೆ ದಾರಿಯಲ್ಲೇ ತಿಂದು ಮುಗಿಸಬೇಕು. ಮತ್ತೆ ಸಿಗೋಣ ಎನ್ನಬಾರದು. ಇದನ್ನು ಓದಿದಾಗ ನಮ್ಮ "ಬರ್ತೇನೆ" ನೆನಪಾಗಿ, ಎಲ್ಲಿಯ ಜನವೂ ಸಾವಿಗೆ ಒಂದೇ ರೀತಿ ಹೆದರುತ್ತಾರಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು.

ಬಿಳಿ ಲಕೋಟೆಯಲ್ಲಿ ಬೆಸ ಸಂಖ್ಯೆಯ ಹಣ ಇಟ್ಟು ಕೊಡಬೇಕು ಎಂದೂ ಇತ್ತು. ಇದನ್ನು ಮನೆಯಲ್ಲಿ ಹೇಳಿದೆ. ನನ್ನ ಗಂಡ ವಕೀಲರು, ಊಟದ ತಟ್ಟೆಯಿಂದ ತಲೆ ಎತ್ತದೆ ಆಕ್ಷೇಪ ಎತ್ತಿದರು.

"ಸಾವಿರದ ಒಂದು ಕೊಟ್ಟರೆ ಅದು ಮದುವೆ ಆಯ್ತಲ್ಲ?"

"ಅವರಲ್ಲಿ ಹಾಗೆ ಅಲ್ಲ."

"ಮತ್ತೆ ನೇರ ಮನೆಗೆ ಬರಬಾರದು, ನಡುವೆ ಎಲ್ಲಿಯಾದರೂ ಇಳಿದು ಬರಬೇಕು ಅಂತ ಉಂಟಲ್ಲ, ಅದಕ್ಕೆ ಎಂತ ಮಾಡ್ತಿ?"

"ರೈಲು ಎರ್ನಾಕುಲಂವರೆಗೆ ಮಾತ್ರ. ಅಲ್ಲಿಂದ ಮೆಟ್ರೋ, ಆಲುವದಲ್ಲಿ ಇಳಿದು ಆಟೋ."

"ಹಾಗಾದ್ರೆ ಆ ಕಂಡಿಷನ್ ಪೂರೈಸಿದ ಹಾಗೆ," ಎಂದು ಅವರು ಮೊಸರು ಕಲಸಿದರು.

ಹತ್ತಿರದವರು ಹಣದ ಬದಲು ಕಂಬಳಿಯನ್ನೂ ಒಯ್ಯುತ್ತಾರೆ, ಅದರ ಮೇಲೆ ಎರಡು ಸಾಂತ್ವನದ ಮಾತೂ ಕೊಟ್ಟವರ ಹೆಸರೂ ಬರೆದ ಕಾಗದ ಸಿಕ್ಕಿಸುತ್ತಾರೆ ಎಂದು ಏಳನೆಯ ಪುಟದಲ್ಲಿತ್ತು. ಹನ್ನೊಂದು ವರ್ಷದ ಮೇಲೆ ನನಗೆ ಆ ಕಾಗದದ ಅರ್ಥ ತಿಳಿಯಿತು. ಮಂತ್ರವಲ್ಲ, ಮಾಟವಲ್ಲ. ನಿಮ್ಮ ದುಃಖದಲ್ಲಿ ನಾವಿದ್ದೇವೆ ಎಂದು ಬರೆದು ಸಹಿ ಹಾಕಿದ್ದರು.

ಎರ್ನಾಕುಲಂನಲ್ಲಿ ಬೇಸಿಗೆಯಲ್ಲಿ ಉಣ್ಣೆಯ ಕಂಬಳಿ ಕೇಳಿದರೆ ಅಂಗಡಿಯವರು ಮೊದಲು ನಿಮ್ಮ ಆರೋಗ್ಯ ವಿಚಾರಿಸುತ್ತಾರೆ. ಬ್ರಾಡ್‌ವೇ ಪೇಟೆಯ ಮೂರು ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಏಸಿ ರೂಮಿಗೆ ಹೊದೆಯುವ, ಕೆಂಪು ಗುಲಾಬಿ ಅಥವಾ ನವಿಲು ಇರುವಂಥದ್ದು. ನಾಲ್ಕನೆಯದರಲ್ಲಿ ಅಟ್ಟದಿಂದ ಒಂದು ಕೆನೆ ಬಣ್ಣದ್ದನ್ನು ಇಳಿಸಿ ಧೂಳು ಕೊಡವಿದರು. ಯಾರಿಗೆ ಎಂದು ಕೇಳಿದರು. ಸಾವಿನ ಮನೆಗೆ ಎಂದೆ. ಆ ಮನುಷ್ಯ ಸ್ವಲ್ಪ ಹೊತ್ತು ಯೋಚಿಸಿ, ಪ್ಯಾಕ್ ಮಾಡಿ ಕೆಂಪು ರಿಬ್ಬನ್ ಕಟ್ಟಿಕೊಡಲೇ ಎಂದು ವಿಚಾರಿಸಿದ. ಬೇಡ ಎಂದೆ.

ಬಿಳಿ ಕಾಗದದಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ಬರೆದು ಪಿನ್ನು ಹಾಕಿದೆ. ಕ್ಷಮೆ ಕೇಳುವ ಮಾತನ್ನೂ ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಮಲಯಾಳಕ್ಕೆ ಮಾಡಿ, ಎರಡನ್ನೂ ಹೋಲಿಸಿ ನೋಡಿದೆ. ಮೂರು ವಾಕ್ಯ. ನೀವು ಕೊಟ್ಟದ್ದನ್ನು ನಾನೇ ಹೊರಗೆ ಹಾಕಿದೆ. ನೀವಿಬ್ಬರೂ ನೋಡಿದ್ದು ನನಗೆ ಗೊತ್ತಿತ್ತು. ಕ್ಷಮಿಸಬೇಕು. ಮುಂಜಾನೆಯ ರೈಲಿನಲ್ಲಿ ಕೊಲ್ಲಂ ದಾಟುವವರೆಗೂ ಬಾಯಿಪಾಠ ಮಾಡಿದೆ. ಮಡಿಲಲ್ಲಿ ಕಂಬಳಿ, ಕೈಯಲ್ಲಿ ಬಿಳಿ ಸೇವಂತಿಗೆ. ಎದುರಿನ ಸೀಟಿನವರು ಇವಳಿಗೆ ಜ್ವರ ಇರಬೇಕು ಎಂದು ಕಿಟಕಿ ಮುಚ್ಚಿಕೊಟ್ಟರು.

ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು ಆಟೋದಲ್ಲಿ ಮನೆ ಹುಡುಕಿದೆ. ಡಾಕ್ಟರ ಮಗಳು ಬಾಗಿಲು ತೆರೆದಳು. ಹಾಲ್‌ನಲ್ಲಿ ಮೇಜಿನ ಮೇಲೆ ಆಕೆಯ ಫೋಟೋ, ಮುಂದೆ ಊದುಬತ್ತಿ, ತಟ್ಟೆಯಲ್ಲಿ ಕಿತ್ತಳೆ. ಫೋಟೋದಲ್ಲಿ ಕ್ಲಿನಿಕ್ಕಿನ ಬಿಳಿ ಕೋಟಿನಲ್ಲಿಯೇ ಇದ್ದರು. ಡಾಕ್ಟರು ಕುರ್ಚಿಯಿಂದ ಎದ್ದರು. ಬಹಳ ಸಣ್ಣಗಾಗಿದ್ದರು. ನಾನು ಹೂವಿಟ್ಟು ಮೂರು ಸಲ ಬಗ್ಗಿದೆ. ಅವರು ತಿರುಗಿ ಬಗ್ಗಿದರು. ಎಲ್ಲವೂ ಪುಟದಲ್ಲಿ ಇದ್ದಂತೆಯೇ ನಡೆಯುತ್ತಿತ್ತು.

ಕಂಬಳಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಕಾಗದದ ಕನ್ನಡ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಾನು ಮೊದಲ ವಾಕ್ಯಕ್ಕೆ ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವರು ಒಳಕೋಣೆಯ ಕಡೆ ತಿರುಗಿ ಯಾರನ್ನೋ ಕರೆದರು. ಎಂಟು ತಿಂಗಳು ಆಕೆಯನ್ನು ನೋಡಿಕೊಂಡ ಹೋಂ ನರ್ಸ್, ಇಡುಕ್ಕಿಯ ಬೆಟ್ಟದ ಕಡೆಯ ಹೆಂಗಸು, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಅಂದೇ ಊರಿಗೆ ಹೊರಟಿದ್ದರು. ಡಾಕ್ಟರು ನನ್ನ ಕಂಬಳಿಯನ್ನು, ಕಾಗದ ಸಮೇತ, ನನ್ನ ಕಣ್ಣೆದುರೇ ಅವರ ಕೈಗೆ ಕೊಟ್ಟುಬಿಟ್ಟರು.

"ನಮ್ಮಲ್ಲಿ ಒಳ್ಳೆ ಚಳಿ ಉಂಟು ಚೇಚಿ," ಎಂದು ಆಕೆ ನನ್ನನ್ನು ನೋಡಿ ನಕ್ಕು, ಅದನ್ನು ಚೀಲಕ್ಕೆ ತುಂಬಲು ಒಳಗೆ ಹೋದರು.

ನಾಲ್ಕು ಅಂಗಡಿ ಹತ್ತಿ ಇಳಿದು ತಂದದ್ದು, ಐದು ನಿಮಿಷವೂ ಆ ಮನೆಯಲ್ಲಿ ನಿಲ್ಲಲಿಲ್ಲ. ಇದೇ ನೋವು, ಇದಕ್ಕಿಂತ ಹೆಚ್ಚೇ, ಅಂದು ಗೇಟಿನ ಹತ್ತಿರ ಅವರಿಬ್ಬರಿಗೂ ಆಗಿರಬೇಕು. ಸರಿಯಾಗಿಯೇ ಸಿಕ್ಕಿತು ನನಗೆ ಎಂದುಕೊಂಡೆ.

ನನ್ನ ಮುಖ ನೋಡಿ ಮಗಳು ಗಾಬರಿಯಾದಳು. "ತಪ್ಪು ತಿಳಿಯಬೇಡಿ ಆಂಟಿ. ನಮ್ಮಲ್ಲಿ ಹಾಗೆ. ಸಾವಿಗೆ ಬಂದ ಕಂಬಳಿ ಮನೆಯಲ್ಲಿ ಇಟ್ಟುಕೊಳ್ಳಲಿಕ್ಕಿಲ್ಲ. ಬಾಗಿಲಲ್ಲಿಯೋ ಹಾಸಿಗೆಯ ಪಕ್ಕದಲ್ಲಿಯೋ ಕಾವಲು ಇದ್ದವರಿಗೆ ಕೊಡಬೇಕು. ಅಮ್ಮ ಯಾವಾಗಲೂ ಹೇಳ್ತಿದ್ದರು. ನಿಮ್ಮ ಮನೆಯವರಿಗೆ ಅದು ಗೊತ್ತಿತ್ತು ಅಂತಲೂ ಹೇಳ್ತಿದ್ದರು, ಇಡೀ ಎರ್ನಾಕುಲಂನಲ್ಲಿ ಸರಿಯಾಗಿ ಮಾಡಿದವರು ನೀವೊಬ್ಬರೇ ಅಂತೆ."

ನನ್ನ ಚೀಲದಲ್ಲಿ ಹನ್ನೊಂದು ಪುಟ ಇತ್ತು. ಅದರಲ್ಲಿ ಯಾವುದರಲ್ಲಿಯೂ ಈ ನಿಯಮ ಇರಲಿಲ್ಲ. ಆದರೆ ಇಂಟರ್‌ನೆಟ್ಟಿನವರಿಗೆ ಎಲ್ಲ ಗೊತ್ತಿರಬೇಕೆಂದೇನೂ ಇಲ್ಲ. ಹನ್ನೊಂದು ವರ್ಷ ಹೊತ್ತ ಭಾರ ಹೀಗೆ ಒಂದು ಮಾತಿಗೆ ಇಳಿಯುವುದಾದರೆ ಇಳಿಯಲಿ ಎಂದು ಅನ್ನಿಸಿತು. ಆ ಎಳ್ಳಿನ ಮಿಠಾಯಿಗಳು ಶಿಕ್ಷೆಯಾಗಿರಲಿಲ್ಲ, ಹಾಗಾದರೆ. ಆಕೆ ನಿಜವಾಗಿಯೂ ನನ್ನನ್ನು ಮೆಚ್ಚಿದ್ದರು. ತಪ್ಪು ಕಾರಣಕ್ಕೆ, ಅಷ್ಟೇ.

ಮಗಳು ಒಂದು ತಟ್ಟೆಯಲ್ಲಿ ಕಾಗದ ಸುತ್ತಿದ ಮಿಠಾಯಿ ತಂದಳು. ಸಾವಿನ ಮನೆಯಲ್ಲಿ ನೀರೂ ಮುಟ್ಟದವಳು ನಾನು. ಬಿಚ್ಚಿ ಬಾಯಿಗೆ ಹಾಕಿಕೊಂಡೆ. ಗಟ್ಟಿಯಾಗಿತ್ತು. ಬಲಗಡೆ ನೋಯುವುದರಿಂದ ಎಡಗಡೆಗೆ ಸರಿಸಿ ಅಗಿದೆ. ಮಗಳು ಚಹಾಕ್ಕೆಂದು ಅಡುಗೆಮನೆಗೆ ಹೋದಳು. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಬಂದಾಗಿನಿಂದ ಅವರು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ.

"ಬಲಗಡೆಯದ್ದನ್ನು ಹಾಗೇ ಬಿಟ್ಟಿದ್ದೀರಿ," ಎಂದರು.

ತಲೆಯಾಡಿಸಿದೆ. ಅವರು ಎದ್ದು, ಬೆತ್ತದ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು, ಕೂತುಕೊಳ್ಳಿ ಎಂದು ಕೈ ತೋರಿಸಿದರು. ಸಾವಿನ ಮನೆಯಲ್ಲಿ ಇದು ಸರಿಯೇ ಎಂದು ಹನ್ನೊಂದು ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಕೂತೆ. ಅವರು ಕೈ ತೊಳೆದು ಬಂದರು. ಒಂದು ಕೈಯಲ್ಲಿ ಮೊಬೈಲಿನ ಟಾರ್ಚು, ಇನ್ನೊಂದರಲ್ಲಿ ಒಂದು ಚಮಚ. ದೀಪ ಹಿಡಿಯುವವರು ಇಲ್ಲದೆ ಕೈ ಎಲ್ಲಿಡುವುದೆಂದು ಅವರಿಗೆ ಕ್ಷಣಕಾಲ ತಿಳಿಯಲಿಲ್ಲ. ಆಮೇಲೆ ನನ್ನ ತಲೆಯನ್ನು ಹಿಂದಕ್ಕೆ ವಾಲಿಸಿದರು.

"ದೊಡ್ಡದಾಗಿ ತೆರೆಯಿರಿ. ನೋವಾದರೆ ಎಡಗೈ."

ಬಾಯಿ ತೆರೆದೆ. ಅವರಿಗೆ ಮಾತು ಬಂತು.

"ಗೇಟಿನ ಹತ್ತಿರ ಮೊದಲು ನೋಡಿದ್ದು ಅವಳು," ಎಂದರು. ದನಿ ಅಡುಗೆಮನೆಗೆ ಕೇಳಿಸದಷ್ಟು ಮೆಲ್ಲಗಿತ್ತು. "ಆ ಕಂಬಳಿ ಆರಿಸಲಿಕ್ಕೆ ಅವಳು ಎರಡು ದಿನ ತಿರುಗಿದ್ದಳು. ಆಟೋದಲ್ಲಿ ಕೇಳಿದಳು, ಅವರಿಗೆ ಬೇಡವಾಯಿತಾ ಅಂತ. ಇಲ್ಲ, ಇಲ್ಲ, ಅದು ಹಾಗೇ ಮಾಡಬೇಕಾದ್ದು, ಬಾಗಿಲು ಕಾಯುವವನಿಗೆ ಕೊಡಬೇಕು ಅಂದೆ. ನನ್ನ ಅಜ್ಜನ ಕಾಲದಲ್ಲಿ ನಮ್ಮಲ್ಲಿಯೂ ಹಾಗೇ ಇತ್ತು ಅಂದೆ. ನನ್ನ ಅಜ್ಜನನ್ನು ನಾನು ನೋಡಿಯೇ ಇಲ್ಲ."

ಚಮಚ ಹಲ್ಲಿನ ಸುತ್ತ ಮೆಲ್ಲಗೆ ಓಡಿತು.

"ಅವಳಿಗೆ ಖುಷಿಯಾಯಿತು. ಹಾಗಾದರೆ ಅವರಿಗೆ ನಮ್ಮದು ಗೊತ್ತುಂಟು ಅಂದಳು. ಆಮೇಲೆ ಎಲ್ಲರಿಗೂ ಹೇಳಿದಳು. ಮಗಳಿಗೆ ಕಲಿಸಿದಳು. ಹೋದ ವರ್ಷ ಇಲ್ಲಿ ಪಕ್ಕದ ಮನೆಯಲ್ಲಿ ಒಬ್ಬರು ತೀರಿಕೊಂಡಾಗ ಅವರಿಗೂ ಹೇಳಿಕೊಟ್ಟಳು. ಈಗ ಅದು ನಮ್ಮ ಪದ್ಧತಿ. ನೀವು ತರದೇ ಇದ್ದರೆ ನಾನೇ ಎಲ್ಲಿಂದಾದರೂ ಒಂದು ಕಂಬಳಿ ತರಬೇಕಿತ್ತು, ಆ ಹೆಂಗಸಿಗೆ ಕೊಡಲಿಕ್ಕೆ. ಇಲ್ಲದಿದ್ದರೆ ಮಗಳು ಕೇಳುತ್ತಿದ್ದಳು."

ನಾನು ಚಾವಣಿಯನ್ನು ನೋಡುತ್ತಿದ್ದೆ. ಇಡೀ ಜೀವನ ಎಲ್ಲರ ಹತ್ತಿರ ಮೂಲಪ್ರತಿ ಎಲ್ಲಿ ಎಂದು ಕೇಳಿದವಳು. ಈ ಪದ್ಧತಿಯ ಮೂಲ ನಮ್ಮ ಗೇಟಿನಲ್ಲಿತ್ತು, ಅದನ್ನು ಬರೆದವಳು ನಾನು, ತಿದ್ದಿದವರು ಇವರು. ಬಾಯಿಪಾಠ ಮಾಡಿದ ಮೂರು ವಾಕ್ಯ ನಾಲಿಗೆಯ ಕೆಳಗೇ ಇತ್ತು, ನಾಲಿಗೆಯ ಮೇಲೆ ಚಮಚ ಇತ್ತು. ತಲೆ ಹಿಂದಕ್ಕೆ ವಾಲಿದ್ದರಿಂದ ಕಣ್ಣೀರು ನೇರ ಕಿವಿಗೆ ಇಳಿಯಿತು.

"ಹಲ್ಲನ್ನು ಮುಟ್ಟುತ್ತಲೂ ಇಲ್ಲ ನಾನು," ಎಂದರು ಡಾಕ್ಟರು. "ನೋವಾಗುತ್ತದಾ?"

ನಾನು ಎಡಗೈ ಎತ್ತಿದೆ.